ಸೀರೆ ಮಡಿಚಿಡಿ, ಮೊದಲು ಒಂದು ಗೋಪುರ

ಯುಗಾದಿಗೆ ಶುರು ಮಾಡಿದ ಇಳಕಲ್ ಸೀರೆಯ ಕಸೂತಿ ಸೆರಗಿನ ಒಂದು ಮೂಲೆಯಲ್ಲೇ ನಿಂತಿದೆ, ‘ನನ್ನಲ್ಲಿ ಶಿಸ್ತಿಲ್ಲ’ ಎಂದು ಬರೆದಿದ್ದೀರಿ. ಶಿಸ್ತಿನ ಮಾತು ಬಿಡಿ. ಕೆಲಸ ಮುಗಿಸಿ ಬಂದ ಮೇಲೆ ಸಿಗುವ ಅರ್ಧ ಗಂಟೆಯಲ್ಲಿ ಇಡೀ ಸೀರೆ ಮುಗಿಸುತ್ತೇನೆಂದು ಹಾಕಿದ ಲೆಕ್ಕವೇ ತಪ್ಪು.

ಕಸೂತಿಗೆ ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳುವ ಪದ್ಧತಿಯಿಲ್ಲ; ಎಳೆ ಎಣಿಸಿಯೇ ಹಾಕಬೇಕು. ಗವಂತಿ ಹೊಲಿಗೆಯನ್ನೇ ನೋಡಿ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬುವುದು. ಗಂಟು ಹಾಕುವಂತಿಲ್ಲ; ಹಿಂದೆ, ಮುಂದೆ ಎರಡೂ ಒಂದೇ ತರಹ ಕಾಣಬೇಕು. ಒಂದು ಎಳೆ ತಪ್ಪಿದರೆ ಗೋಪುರದ ಚಿತ್ತಾರ ವಾಲುತ್ತದೆ, ಅಷ್ಟನ್ನೂ ಬಿಚ್ಚಬೇಕು. ಸೀರೆಯ ನಯವಾದ ಎಳೆಯಲ್ಲಿ, ರಾತ್ರಿಯ ದೀಪದಲ್ಲಿ, ಹೊಸಬರಿಗೆ ಇದು ಕಣ್ಣು ಹಿಂಡುವ ಕೆಲಸ.

ಈ ವರ್ಷಕ್ಕೆ ನಾಲ್ಕು ಹೊಲಿಗೆ, ಕರವಸ್ತ್ರದಷ್ಟಗಲದ ನಾಲ್ಕು ತುಂಡು ಬಟ್ಟೆ ಸಾಕು. ಎಳೆ ದಪ್ಪಗಿರುವ ಮ್ಯಾಟಿ ಬಟ್ಟೆ ತನ್ನಿ. ಮೊದಲ ಮೂರು ತಿಂಗಳು ಗವಂತಿ ಮಾತ್ರ. ಆಮೇಲೆ ಮುರಗಿ, ಮೆಂತೆ, ನೇಗಿ. ವಾರಕ್ಕೆ ಮೂರು ಸಂಜೆ ಎಂದು ಬರೆದುಕೊಳ್ಳಿ, ಏಳಲ್ಲ. ಮನೆಯಲ್ಲಿ ಜ್ವರ, ನೆಂಟರು, ಹಬ್ಬ ಇದ್ದೇ ಇರುತ್ತವೆ. ತಿಂಗಳ ಕೊನೆಗೆ ಬಟ್ಟೆ ತಿರುಗಿಸಿ ಹಿಂಬದಿ ನೋಡಿ. ಎಷ್ಟು ಮುಗಿಯಿತು ಎನ್ನುವುದಕ್ಕಿಂತ, ಹಿಂಬದಿ ಎಷ್ಟು ಚೊಕ್ಕವಾಯಿತು ಎನ್ನುವುದೇ ಕೈ ಕೂತದ್ದಕ್ಕೆ ಸಾಕ್ಷಿ.

ಸೆರಗಿನ ಆ ಮೂಲೆಯನ್ನು ಮಾತ್ರ ಬಿಚ್ಚಬೇಡಿ. ಮುಂದಿನ ಯುಗಾದಿಗೆ ಅಲ್ಲಿಂದಲೇ ಮುಂದುವರಿಸಿ.