ಪ್ರಶ್ನೆ ಊರಿನಿಂದಲೇ ಹೊರಡಲಿ

ಪಡುವಕ್ಕೆ ಕಡಲು, ಮೂಡಕ್ಕೆ ಹೊಳೆ, ನಡುವೆ ಗುಳ್ಳದ ಗದ್ದೆ. ಮಟ್ಟು ಇಷ್ಟೇ ಅಗಲದ ಊರು. ಇಲ್ಲಿಯೂ ಕಟಪಾಡಿ, ಕಾಪು, ಉಡುಪಿ, ಮಣಿಪಾಲ, ಕಾರ್ಕಳದ ಕಡೆಯೂ ಶಾಲೆಯ ವಾರ್ಷಿಕೋತ್ಸವ, ಯುವಕ ಮಂಡಲದ ಮೊಸರುಕುಡಿಕೆ, ಭಜನಾ ಮಂದಿರದ ಮಂಗಲೋತ್ಸವ ಬಂದಾಗ ರಸಪ್ರಶ್ನೆ ನಡೆಸಿಕೊಡುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಇತಿಹಾಸ, ಸಂಗೀತ, ಪ್ರಾಣಿಪಕ್ಷಿ, ಭೂಗೋಳ ಎಲ್ಲವೂ ಸೇರಿದ ಸಾಮಾನ್ಯ ಜ್ಞಾನ. ಈ ಕೆಲಸ ಕಲಿಸಿದ ಕೆಲವು ಪಾಠಗಳನ್ನು, ಮುಂದೆ ಮೈಕ್ ಹಿಡಿಯಲಿರುವವರಿಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

1. ಮೊದಲ ಪ್ರಶ್ನೆ ಕೇಳುಗರ ಅಂಗಳದಿಂದ ಏಳಬೇಕು

ಜಗತ್ತಿನ ಅತಿ ಉದ್ದದ ನದಿ ಯಾವುದು ಎಂದು ಕೇಳಿದರೆ ಬಾಯಿಪಾಠ ಮಾಡಿದ ಒಬ್ಬ ಹುಡುಗ ಉತ್ತರ ಹೇಳುತ್ತಾನೆ, ಉಳಿದವರು ಸುಮ್ಮನಿರುತ್ತಾರೆ. ಗುಳ್ಳದಿಂದ ಆರಂಭಿಸಿದರೆ ಸಭೆಯೇ ಮುಂದಕ್ಕೆ ಬಾಗುತ್ತದೆ. ತೊಟ್ಟಿನಲ್ಲಿ ಮುಳ್ಳಿರುವ, ತೆಳು ಸಿಪ್ಪೆಯ, ತಿಳಿಹಸಿರು ಗೆರೆಗಳ ಉರುಟು ಬದನೆ. ಸೋದೆ ಮಠದ ವಾದಿರಾಜರು ಕೊಟ್ಟ ಬೀಜದಿಂದ ಬೆಳೆದದ್ದು ಎಂಬ ನಂಬಿಕೆ. 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಸ್ಟಿಕ್ಕರ್ ಅಂಟಿಸಿಕೊಂಡು ಅದು ಈಗ ಪೇಟೆಗೆ ಹೋಗುತ್ತದೆ. ಇದೆಲ್ಲ ಮಟ್ಟುವಿನ ಮಕ್ಕಳಿಗೆ ಗೊತ್ತಿರುವ ಸಂಗತಿ. ಹಾಗಾಗಿ ನಾನು ಕೇಳುವ ಪ್ರಶ್ನೆ ಬೇರೆ: ಗುಳ್ಳ, ಟೊಮೆಟೊ, ಬಟಾಟೆ, ಹಸಿಮೆಣಸು ಈ ನಾಲ್ಕೂ ಒಂದೇ ಸಸ್ಯ ಕುಟುಂಬದವು. ಪೋರ್ಚುಗೀಸರ ಹಡಗು ಬರುವ ಮೊದಲೇ ನಮ್ಮಲ್ಲಿ ಇದ್ದದ್ದು ಯಾವುದು?

ಉತ್ತರ ಬದನೆ ಮಾತ್ರ. ಉಳಿದ ಮೂರೂ ಅಮೆರಿಕ ಖಂಡದವು. ವಾಸ್ಕೋ ಡ ಗಾಮ ಕಲ್ಲಿಕೋಟೆಯ ಕಡೆಗೆ ಬಂದದ್ದು 1498ರಲ್ಲಿ. ವಾದಿರಾಜರ ಜನನ 1480 ಎಂದು ಪರಂಪರೆ ಹೇಳುತ್ತದೆ. ಹಾಗಿದ್ದರೆ ಅವರ ಬಾಲ್ಯದಲ್ಲಿ ಉಡುಪಿಯ ಸಾರಿಗೆ ಖಾರ ಎಲ್ಲಿಂದ ಬರುತ್ತಿತ್ತು? ಒಳ್ಳೆಮೆಣಸಿನಿಂದ. ಅಡುಗೆ ಮನೆಯ ಡಬ್ಬಿಯೊಳಗೆ ಇತಿಹಾಸವಿದೆ ಎಂಬುದು ಆ ಕ್ಷಣದಲ್ಲಿ ಮಕ್ಕಳಿಗೆ ಹೊಳೆಯುತ್ತದೆ. ಹಿಂದಿನ ಸಾಲಿನಲ್ಲಿ ಕೂತ ಅಜ್ಜಿಯಂದಿರೂ ಆಗ ಚರ್ಚೆಗೆ ಇಳಿಯುತ್ತಾರೆ.

2. ನೆನಪನ್ನು ಪರೀಕ್ಷಿಸುವುದಕ್ಕಿಂತ ಲೆಕ್ಕ ಹಾಕಲು ಬಿಡಿ

ಉಡುಪಿಯಲ್ಲಿ ಅಷ್ಟಮಠಗಳ ಹೆಸರು ಕೇಳುವುದು ವಾಡಿಕೆ. ನಾನು ಹೀಗೆ ಕೇಳುತ್ತೇನೆ: ಎಂಟು ಮಠ, ಒಂದೊಂದಕ್ಕೆ ಎರಡು ವರ್ಷದ ಪರ್ಯಾಯ. ಇವತ್ತು ಪರ್ಯಾಯ ಮುಗಿಸಿ ಇಳಿದ ಮಠ ಮತ್ತೆ ಪೂಜೆಯ ಅಧಿಕಾರ ಪಡೆಯಲು ಎಷ್ಟು ವರ್ಷ ಕಾಯಬೇಕು? ಅವಸರದವರು ಹದಿನಾರು ಎನ್ನುತ್ತಾರೆ. ಬೆರಳು ಮಡಚಿ ಎಣಿಸಿದವರು ಹದಿನಾಲ್ಕು ಎಂದು ಸರಿಯಾಗಿ ಹೇಳುತ್ತಾರೆ. ಆಮೇಲೆ, ಮೊದಲು ಎರಡು ತಿಂಗಳಿಗೊಮ್ಮೆ ಇದ್ದ ಈ ಸರದಿಯನ್ನು ಎರಡು ವರ್ಷಕ್ಕೆ ಏರಿಸಿದವರೂ ವಾದಿರಾಜರೇ ಎಂದು ಸೇರಿಸಿದರೆ ಆ ಮಾಹಿತಿ ನಿಲ್ಲುತ್ತದೆ. ತಾನೇ ಲೆಕ್ಕ ಹಾಕಿ ತಲುಪಿದ ಉತ್ತರವನ್ನು ಮಗು ಮರೆಯುವುದಿಲ್ಲ.

3. ಇಸವಿ ಒಂಟಿಯಾಗಿ ಬದುಕುವುದಿಲ್ಲ

ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ, ವೀರಪಾಂಡ್ಯ ಭೈರರಸನ ಕಾಲದಲ್ಲಿ. ಎತ್ತರ 42 ಅಡಿ. ಈ ಎರಡು ಅಂಕಿಗಳನ್ನು ಕೇಳಿ ಮುಗಿಸಿದರೆ ಏನೂ ಕೇಳಿದಂತಾಗಲಿಲ್ಲ. ಶ್ರವಣಬೆಳಗೊಳ, ಕಾರ್ಕಳ, ವೇಣೂರು, ಧರ್ಮಸ್ಥಳ ಈ ನಾಲ್ಕು ಬಾಹುಬಲಿ ಮೂರ್ತಿಗಳನ್ನು ವಯಸ್ಸಿನ ಕ್ರಮದಲ್ಲಿ ನಿಲ್ಲಿಸಿ ಎನ್ನಿ. ಬೆಳಗೊಳದ್ದು ಹತ್ತನೆಯ ಶತಮಾನದ ಕೊನೆಯದು, ವೇಣೂರಿನದು 1604. ಧರ್ಮಸ್ಥಳದ ಮೂರ್ತಿ ನಮ್ಮ ಕಾಲದ್ದು. ಅದನ್ನು ಕಾರ್ಕಳದಲ್ಲಿ ಕೆತ್ತಿದವರು ರೆಂಜಾಳ ಗೋಪಾಲ ಶೆಣೈ, ಪ್ರತಿಷ್ಠೆಯಾದದ್ದು 1982ರಲ್ಲಿ. ಐದೂವರೆ ಶತಮಾನದ ಅಂತರದಲ್ಲಿ ಒಂದೇ ಊರಿನ ಕಲ್ಲು ಕೆಲಸ ಎರಡು ಮಹಾಮೂರ್ತಿಗಳನ್ನು ಕೊಟ್ಟಿತು ಎಂದು ಹೇಳುವಾಗ ಕಾರ್ಕಳದ ಮಕ್ಕಳ ಮುಖದಲ್ಲಿ ಕಾಣುವ ಹೆಮ್ಮೆ ನನಗೆ ಬಹಳ ಇಷ್ಟ.

ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಕಾರ್ಕಳದ ಗೊಮ್ಮಟ ಎದ್ದು ನಿಂತಾಗ ಜರ್ಮನಿಯಲ್ಲಿ ಗುಟೆನ್‌ಬರ್ಗನ ಬೈಬಲ್ ಇನ್ನೂ ಅಚ್ಚಾಗಿರಲಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಬಂದದ್ದು 1843ರಲ್ಲಿ, ಅಂದರೆ ಗೊಮ್ಮಟನಿಗೆ ನಾನೂರು ದಾಟಿದ ಮೇಲೆ.

4. ಸಂಗೀತವನ್ನು ಕೇಳಿಸಿ, ಆಮೇಲೆ ಪ್ರಶ್ನಿಸಿ

ರಾಗದ ಹೆಸರು, ಪ್ರಶಸ್ತಿಯ ಹೆಸರು ಕೇಳುವುದು ಸಂಗೀತದ ಪ್ರಶ್ನೆಯಲ್ಲ. ಕಣ್ಣು ಮುಚ್ಚಿಸಿ ಯಕ್ಷಗಾನದ ಚೆಂಡೆಯ ಪೆಟ್ಟು ಕೇಳಿಸಿದರೆ ನಮ್ಮ ಕಡೆಯ ಮಕ್ಕಳು ತೆಂಕೋ ಬಡಗೋ ಎಂದು ಥಟ್ಟನೆ ಹೇಳುತ್ತಾರೆ. ಅದು ಅವರ ಕಿವಿ ಗಳಿಸಿದ ವಿದ್ಯೆ. ಅದಕ್ಕೂ ಅಂಕ ಸಿಗಬೇಕು.

ನನ್ನ ಮೆಚ್ಚಿನ ಪ್ರಶ್ನೆ ವಾದ್ಯಗಳ ಕುಟುಂಬದ್ದು. ಬಂಟ್ವಾಳ ತಾಲ್ಲೂಕಿನ ಸಜೀಪದಲ್ಲಿ ನಾಗಸ್ವರ ವಾದಕರ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಸ್ಯಾಕ್ಸೊಫೋನ್ ಕಂಡು ಮನಸೋತರು, ಮುಂದೆ ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿ ಜಗತ್ತಿಗೆ ಕೇಳಿಸಿದರು. 2004ರಲ್ಲಿ ಪದ್ಮಶ್ರೀ ಬಂತು. ಈಗ ಪ್ರಶ್ನೆ: ಹಿತ್ತಾಳೆಯಲ್ಲಿ ಮಾಡಿದ ಸ್ಯಾಕ್ಸೊಫೋನನ್ನು ಪಾಶ್ಚಾತ್ಯರು ಮರದ ವಾದ್ಯಗಳ ಗುಂಪಿಗೆ ಸೇರಿಸುತ್ತಾರೆ. ಯಾಕೆ? ಮೈ ಯಾವುದರದ್ದು ಎಂಬುದು ಅಲ್ಲಿ ಮುಖ್ಯವಲ್ಲ, ಸ್ವರ ಹುಟ್ಟುವ ಬಗೆ ಮುಖ್ಯ. ಸ್ಯಾಕ್ಸೊಫೋನಿನ ಬಾಯಿಯಲ್ಲಿ ಒಂದು ತೆಳು ಬೆತ್ತದ ಪಟ್ಟಿ ಇದೆ, ಅದು ಕಂಪಿಸಿದಾಗ ನಾದ. ನಾಗಸ್ವರದಲ್ಲಿ ಅಂಥ ಪಟ್ಟಿಯೇ ಜೋಡಿಯಾಗಿದೆ. ಹಾಗಾದರೆ ಶಂಖ ಯಾವ ಗುಂಪು? ಅಲ್ಲಿ ಪಟ್ಟಿ ಇಲ್ಲ, ಊದುವವನ ತುಟಿಯೇ ಕಂಪಿಸುತ್ತದೆ. ತುತ್ತೂರಿಯೂ ನಮ್ಮ ಕೋಲದಲ್ಲಿ ಮೊಳಗುವ ಕೊಂಬೂ ಹಾಗೆಯೇ. ಲೋಹದ ಸೋಂಕೇ ಇಲ್ಲದ ಶಂಖ ತುತ್ತೂರಿಯ ನೆಂಟ! ಇದನ್ನು ಹೇಳಿದ ಮೇಲೆ ತುಟಿ ಬಿಗಿದು ಊದಿ ನೋಡದ ಮಗುವನ್ನು ನಾನು ಕಂಡಿಲ್ಲ.

5. ನಕ್ಷೆಗಿಂತ ಮೊದಲು ದಿಕ್ಕು

ಮಟ್ಟು ಕಡಲ ಕಿನಾರೆಯಲ್ಲಿ ನಿಂತು ನೇರ ಪಶ್ಚಿಮಕ್ಕೆ, ಎಡಬಲ ತಿರುಗದೆ ಹೋದರೆ ಮೊದಲು ಸಿಗುವ ನೆಲ ಯಾವುದು? ಈ ಪ್ರಶ್ನೆಯನ್ನು ನಾನು ತುಂಬ ಕಡೆ ಕೇಳಿದ್ದೇನೆ. ಲಕ್ಷದ್ವೀಪ, ದುಬೈ, ಆಫ್ರಿಕ ಎಂಬ ಉತ್ತರಗಳು ಬರುತ್ತವೆ. ಮಟ್ಟು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶಕ್ಕಿಂತ ತುಸು ಮೇಲೆ. ಲಕ್ಷದ್ವೀಪ ಪೂರ್ತಿಯಾಗಿ ತೆಂಕಕ್ಕೆ ಉಳಿಯುತ್ತದೆ, ದುಬೈ ಬಹಳ ಬಡಗು. ಮೊದಲು ಸಿಗುವುದು ಯೆಮನ್ ದೇಶದ ಕರಾವಳಿ, ಏಡನ್ ಬಂದರಿನಿಂದ ಹೆಚ್ಚು ದೂರವಲ್ಲದ ಜಾಗ. ಪೂರ್ವಕ್ಕೆ ತಿರುಗಿ ಹೋದರೆ ಚೆನ್ನೈಗಿಂತ ಸ್ವಲ್ಪ ಬಡಗಿನಲ್ಲಿ ಬಂಗಾಳ ಕೊಲ್ಲಿ ಕಾಣಿಸುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಅದು ಬರೀ ಭೂಗೋಳ. ಏಡನ್ ಬಂದ ಮೇಲೆ ಇತಿಹಾಸವೂ ಬರಲೇಬೇಕು. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದ. ಹುಟ್ಟೂರು ಈಗಿನ ಟ್ಯುನೀಸಿಯ, ವ್ಯಾಪಾರದ ನಂಟು ಏಡನ್ನಿನದು. ಮೆಣಸು, ಕಬ್ಬಿಣ ಇಲ್ಲಿಂದ ಹೋಗುತ್ತಿತ್ತು. ಬರೆಯುವ ಕಾಗದ ಅಲ್ಲಿಂದ ಬರುತ್ತಿತ್ತು. ಆಶು ಎಂಬ ಇಲ್ಲಿನ ಹೆಣ್ಣನ್ನು ಅವನು ದಾಸ್ಯದಿಂದ ಬಿಡಿಸಿದ. ಅವನ ಕೆಲಸಕ್ಕೆ ಏಡನ್ನಿಗೆ ಹೋಗಿ ಬರುತ್ತಿದ್ದ ಆಳಿನ ಹೆಸರು ಬೊಮ್ಮ. ಅವನು ತುಳುನಾಡಿನವನು ಎಂದು ಅಮಿತಾವ್ ಘೋಷ್ 1992ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ವಾದಿಸಿದ್ದಾರೆ. ಈ ವ್ಯಾಪಾರಿಗಳ ಕಾಗದ ಪತ್ರಗಳು ಉಳಿದು ಸಿಕ್ಕಿದ್ದು ಈಜಿಪ್ಟಿನ ಕೈರೋದ ಹಳೆಯ ಯಹೂದಿ ಮಂದಿರದ ಉಗ್ರಾಣದಲ್ಲಿ. ಅರಸರ ಹೆಸರುಗಳ ನಡುವೆ ಬೊಮ್ಮನಂಥ ಒಬ್ಬ ಸಾಮಾನ್ಯನ ಹೆಸರು ಎಂಟು ಶತಮಾನ ದಾಟಿ ಬಂದಿದೆ. ರಸಪ್ರಶ್ನೆಯಲ್ಲಿ ಅವನಿಗೆ ಒಂದು ಜಾಗ ಇರಲೇಬೇಕು ಎಂಬುದು ನನ್ನ ಹಟ.

ಕತ್ತಲಾದ ಮೇಲೆ ಅದೇ ಕಿನಾರೆಯಲ್ಲಿ ತೆಂಕಕ್ಕೆ ನೋಡಿದರೆ ಕಾಪು ದೀಪಸ್ತಂಭದ ಬೆಳಕು. 1901ರಲ್ಲಿ ಕಟ್ಟಿದ್ದು ಎಂದು ಎಲ್ಲರೂ ಹೇಳುತ್ತಾರೆ. ಅದು ಒಂದೇ ಸಮನೆ ಉರಿಯದೆ ಮಿನುಗುವುದು ಯಾಕೆ ಎಂದು ಕೇಳಿ. ಒಂದೊಂದು ದೀಪಸ್ತಂಭಕ್ಕೂ ಮಿನುಗುವ ಲಯ ಬೇರೆ. ಲಯ ನೋಡಿಯೇ ನಾವಿಕರು ಇದು ಯಾವ ಊರು ಎಂದು ಗುರುತಿಸುತ್ತಾರೆ.

6. ಪ್ರತೀತಿಗೆ ಪ್ರತೀತಿ ಎಂದೇ ಹೇಳಿ

ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಬಗ್ಗೆ ಹೆಚ್ಚಾಗಿ ಕೇಳುವ ಪ್ರಶ್ನೆ, ವಾಸ್ಕೋ ಡ ಗಾಮ ಭಾರತದಲ್ಲಿ ಮೊದಲು ಇಳಿದ ಜಾಗ ಯಾವುದು ಎಂಬುದು. ಉತ್ತರ ಪತ್ರದಲ್ಲಿ ಈ ದ್ವೀಪದ ಹೆಸರಿರುತ್ತದೆ. ಜನಜನಿತ ಮಾತು ಅದು. ದಾಖಲೆಗಳು ತೋರಿಸುವುದು ಕಲ್ಲಿಕೋಟೆಯ ಕಡೆಗೆ. ‘ಪ್ರತೀತಿಯ ಪ್ರಕಾರ’ ಎಂಬ ಎರಡು ಪದ ಸೇರಿಸಿದರೆ ಪ್ರಶ್ನೆ ಪ್ರಾಮಾಣಿಕವಾಗುತ್ತದೆ, ನಂಬಿಕೆಗೂ ನೋವಾಗುವುದಿಲ್ಲ. ವಾದಿರಾಜರ ಬೀಜದ ವಿಷಯದಲ್ಲೂ ನಾನು ಇದೇ ಎಚ್ಚರ ವಹಿಸುತ್ತೇನೆ.

ಆ ದ್ವೀಪದ ನಿಜವಾದ ಪ್ರಶ್ನೆ ಬೇರೆ. ಒತ್ತೊತ್ತಾಗಿ ನಿಂತ ಆ ಬಹುಭುಜ ಕಂಬಗಳನ್ನು ಕೆತ್ತಿದ್ದು ಯಾರು? ಯಾರೂ ಅಲ್ಲ. ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿಯುತ್ತಾ ಕುಗ್ಗಿತು, ಕುಗ್ಗಿದಲ್ಲಿ ಬಿರುಕು ಬಿಟ್ಟಿತು, ಬಿರುಕುಗಳು ಆಳಕ್ಕೆ ಇಳಿದು ಕಂಬಗಳಾದವು. ಉತ್ತರ ಐರ್ಲೆಂಡಿನ ಜಯಂಟ್ಸ್ ಕಾಸ್‌ವೇ ಎಂಬಲ್ಲಿಯೂ ಹೀಗೆಯೇ ಆಗಿದೆ.

ವಿದ್ವಾಂಸರೇ ಒಪ್ಪದ ವಿಷಯವನ್ನು ಒಂದೇ ಉತ್ತರದ ಪ್ರಶ್ನೆ ಮಾಡಬಾರದು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಇರುವುದು ಕನ್ನಡದ ಮಾತುಗಳೇ, ತುಳುವಿನದೇ ಎಂಬ ವಾದ ಮುಗಿದಿಲ್ಲ. ಅಂಥದ್ದನ್ನು ಕತೆಯಾಗಿ ಹೇಳಿ, ಅಂಕಕ್ಕೆ ಇಡಬೇಡಿ.

7. ಉತ್ತರಗಳಿಗೆ ವಯಸ್ಸಾಗುತ್ತದೆ

ಹಳೆಯ ಪ್ರಶ್ನೆ ಪುಸ್ತಕವನ್ನು ತಿದ್ದದೆ ವೇದಿಕೆಗೆ ಒಯ್ಯಬಾರದು. 1997ರ ಆಗಸ್ಟ್‌ನಲ್ಲಿ ಉಡುಪಿ ಜಿಲ್ಲೆ ಹುಟ್ಟಿದಾಗ ತಾಲ್ಲೂಕುಗಳು ಮೂರು, ಈಗ ಏಳು. ಉಡುಪಿಯಲ್ಲಿ 1906ರಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕ್, 1925ರಲ್ಲಿ ಹುಟ್ಟಿ ಪಿಗ್ಮಿ ಠೇವಣಿಯಿಂದ ಮನೆಮನೆ ತಲುಪಿದ ಸಿಂಡಿಕೇಟ್ ಬ್ಯಾಂಕ್ ಎರಡೂ 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಪ್ರಕೃತಿಯ ಉತ್ತರಗಳೂ ಬದಲಾಗುತ್ತವೆ. ಕಾಳಿಂಗ ಸರ್ಪ ಒಂದೇ ಪ್ರಭೇದ ಎಂದು ಓದಿದವರು ನಾವು. 2024ರಲ್ಲಿ ವಿಜ್ಞಾನಿಗಳು ಅದನ್ನು ನಾಲ್ಕಾಗಿ ಬೇರ್ಪಡಿಸಿದರು. ಆಗುಂಬೆಯ ಕಾಡಿನಲ್ಲಿರುವುದು ಈಗ ಪಶ್ಚಿಮ ಘಟ್ಟಕ್ಕೇ ಮೀಸಲಾದ ಪ್ರಭೇದ, ‘ಒಫಿಯೋಫೇಗಸ್ ಕಾಳಿಂಗ’.

8. ಸಭಿಕರಿಗೂ ಪಾಲು ಕೊಡಿ

ಶಂಕರಪುರದ ಮಲ್ಲಿಗೆ ಕಟ್ಟುವ ಹೆಂಗಸರು ಕೂತಿರುವ ಸಭೆಯಲ್ಲಿ, ಒಂದು ಅಟ್ಟೆಗೆ ಎಷ್ಟು ಚೆಂಡು, ಒಂದು ಚೆಂಡಿಗೆ ಸುಮಾರು ಎಷ್ಟು ಹೂ ಎಂದು ಕೇಳಿ. ನಾಲ್ಕು ಚೆಂಡು, ಚೆಂಡಿಗೆ 800ರ ಆಸುಪಾಸು. ವೇದಿಕೆಯ ತಂಡಗಳು ತಡಬಡಾಯಿಸುವಾಗ ಉತ್ತರ ಅವರಿಂದ ಬರುತ್ತದೆ. ಸಾಮಾನ್ಯ ಜ್ಞಾನ ಶಾಲೆಗೆ ಹೋದವರ ಸೊತ್ತು ಮಾತ್ರವಲ್ಲ.

9. ಬಹುಮಾನ ಪುಸ್ತಕವೇ ಆಗಿರಲಿ

ದೂರದರ್ಶನ ಚಂದನದಲ್ಲಿ ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸುತ್ತಾ ಬಂದ ‘ಥಟ್ ಅಂತ ಹೇಳಿ’ ಸರಿ ಉತ್ತರಕ್ಕೆ ಕನ್ನಡ ಪುಸ್ತಕವನ್ನೇ ಕೊಡುತ್ತದೆ. ನಮ್ಮ ಊರುಗಳಲ್ಲಿ ಇನ್ನೂ ಸ್ಟೀಲ್ ಲೋಟ, ಪ್ಲಾಸ್ಟಿಕ್ ಡಬ್ಬಿ, ಟ್ರೋಫಿ ಹಂಚುತ್ತೇವೆ. ಯುವಕ ಮಂಡಲಗಳ ಪದಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ಮುಂದಿನ ವಾರ್ಷಿಕೋತ್ಸವದಲ್ಲಿ ಸಭಾ ಕಾರ್ಯಕ್ರಮದ ಭಾಷಣ ಒಂದನ್ನು ಕಡಿಮೆ ಮಾಡಿ, ರಸಪ್ರಶ್ನೆಗೆ ಅರ್ಧ ಗಂಟೆ ಇಡಿ. ಟ್ರೋಫಿಯ ಹಣದಲ್ಲಿ ಶಿವರಾಮ ಕಾರಂತರ ಒಂದು ಪುಸ್ತಕ, ಮಕ್ಕಳ ವಿಜ್ಞಾನದ ಒಂದು ಪುಸ್ತಕ, ಒಂದು ಭೂಪಟ ಕೊಳ್ಳಿ. ಗೆದ್ದ ತಂಡಕ್ಕೂ ಸೋತ ತಂಡಕ್ಕೂ ಕೊಡಿ.