ವುತೈ ಪರ್ವತ: ಮಂಜುಶ್ರೀಯ ನೆಲೆ

ಬೋಧಿಸತ್ವ ಮಂಜುಶ್ರೀಯ ನೆಲೆಯೆನಿಸಿದ ವುತೈ ಪರ್ವತ ಚೀನಾದ ಶಾಂಕ್ಸಿ ಪ್ರಾಂತ್ಯದಲ್ಲಿದೆ. ‘ವುತೈ’ ಎಂದರೆ ಐದು ಜಗಲಿ. ಐದು ಶಿಖರಗಳ ನೆತ್ತಿಯೂ ಚಪ್ಪಟೆ. ಉತ್ತರದ್ದೇ ಎತ್ತರ, 3,000 ಮೀಟರ್‌ಗೂ ಮೇಲೆ. ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು 2009ರಲ್ಲಿ. ಜಪಾನಿನ ಭಿಕ್ಷು ಎನ್ನಿನ್ 840ರಲ್ಲಿ ಇಲ್ಲಿಗೆ ಯಾತ್ರೆ ಬಂದು ದಿನಚರಿ ಬರೆದಿಟ್ಟ.

ಇಲ್ಲಿಗೆ ಹೋದವರು ಫೋಗುವಾಂಗ್ ದೇವಾಲಯದ ಪೂರ್ವ ಸಭಾಂಗಣವನ್ನು ನೋಡದೆ ಮರಳಬಾರದು. ತಾಂಗ್ ಕಾಲದ ಮರದ ಕಟ್ಟಡ. 1937ರಲ್ಲಿ ವಾಸ್ತುತಜ್ಞ ದಂಪತಿ ಲಿಯಾಂಗ್ ಸಿಚೆಂಗ್ ಮತ್ತು ಲಿನ್ ಹುಯಿಯಿನ್, ದುನ್‌ಹುವಾಂಗ್ ಗುಹೆಯಲ್ಲಿ ಈ ದೇವಾಲಯವನ್ನು ತೋರಿಸುವ ಭಿತ್ತಿಚಿತ್ರದ ಜಾಡು ಹಿಡಿದು ಇಲ್ಲಿಗೆ ಬಂದರು. ತೊಲೆಯ ಮೇಲಿನ ಮಸುಕಾದ ಮಸಿಬರಹದಲ್ಲಿ ದಾನ ಕೊಟ್ಟ ಮಹಿಳೆಯೊಬ್ಬಳ ಹೆಸರನ್ನು ಮೊದಲು ಕಂಡವರು ಲಿನ್. ಅದೇ ಹೆಸರು ಅಂಗಳದ ಶಿಲಾಸ್ತಂಭದಲ್ಲೂ ಇತ್ತು, ಇಸವಿಯ ಸಮೇತ: ಕ್ರಿ.ಶ. 857. ದಾನಿಯ ಹೆಸರೊಂದು ಕಟ್ಟಡದ ವಯಸ್ಸು ಹೇಳಿದ ಈ ಪ್ರಸಂಗ ಶಾಸನ ಓದುವ ಯಾರಿಗೂ ರೋಮಾಂಚನ ತರುವಂಥದ್ದು. ಆದರೆ ‘ಚೀನಾದಲ್ಲಿ ಉಳಿದಿರುವ ಅತ್ಯಂತ ಹಳೆಯ ಮರದ ಕಟ್ಟಡ ಯಾವುದು’ ಎಂದು ಕೇಳಿದರೆ ಉತ್ತರ ಬೇರೆ: ವುತೈ ಸೀಮೆಯದೇ ಆದ ನಾನ್‌ಚಾನ್ ದೇವಾಲಯ, 782. ಇಲ್ಲಿ ಬಹಳ ಮಂದಿ ಎಡವುತ್ತಾರೆ.

ವುತೈಗೆ ಮಂಜುಶ್ರೀ ಇರುವಂತೆ ಚೀನಾದ ಉಳಿದ ಮೂರು ಪವಿತ್ರ ಬೌದ್ಧ ಪರ್ವತಗಳಿಗೂ ಒಬ್ಬೊಬ್ಬ ಬೋಧಿಸತ್ವ. ಹೊಂದಿಸಿ ಬರೆಯಲು: ಎಮೇ (ಸಿಚುವಾನ್) – ಸಮಂತಭದ್ರ, ಪುತುವೊ (ಝೆಜಿಯಾಂಗ್‌ನ ದ್ವೀಪ) – ಅವಲೋಕಿತೇಶ್ವರ, ಜಿಯುಹುವಾ (ಅನ್‌ಹುಯಿ) – ಕ್ಷಿತಿಗರ್ಭ.