ಮೆದುಳಿನ ರಕ್ತಸ್ರಾವ: ಹೆಪ್ಪು ಕರಗಿಸುವ ಔಷಧಿ ಯಾರಿಗೆ?

1. ಔಷಧಿ: ಆಲ್ಟಿಪ್ಲೇಸ್. ಪ್ಲಾಸ್ಮಿನೋಜೆನ್ ಅನ್ನು ಪ್ಲಾಸ್ಮಿನ್ ಆಗಿಸುತ್ತದೆ. ಪ್ಲಾಸ್ಮಿನ್ ಹೆಪ್ಪಿನ ಫೈಬ್ರಿನ್ ಎಳೆಗಳನ್ನು ಒಡೆಯುತ್ತದೆ.

2. ಮಿಸ್ಟಿ-3 ಪ್ರಯೋಗ (2019): 30 ಮಿ.ಲೀ. ಅಥವಾ ಹೆಚ್ಚಿನ ಹೆಪ್ಪು.
- ಸಣ್ಣ ರಂಧ್ರದ ಶಸ್ತ್ರಚಿಕಿತ್ಸೆ; ಬಳಿಕ ಕ್ಯಾತಿಟರ್ ಮೂಲಕ 8 ಗಂಟೆಗೊಮ್ಮೆ 1 ಮಿ.ಗ್ರಾಂ., ಗರಿಷ್ಠ 9 ಬಾರಿ.
- ಒಂದು ವರ್ಷದ ನಂತರ ಒಟ್ಟಾರೆ ಚೇತರಿಕೆಯಲ್ಲಿ ಗಣನೀಯ ವ್ಯತ್ಯಾಸವಿಲ್ಲ.
- ಉಳಿದ ಹೆಪ್ಪು 15 ಮಿ.ಲೀ. ಅಥವಾ ಕಡಿಮೆಯಾದವರಲ್ಲಿ ಫಲಿತಾಂಶ ಉತ್ತಮ.

3. ಕ್ಲಿಯರ್-3 (2017): ಮೆದುಳಿನ ಕುಹರಗಳೊಳಗಿನ ರಕ್ತ. ಆಲ್ಟಿಪ್ಲೇಸ್ ಪಡೆದವರಲ್ಲಿ ಸಾವು 18% (ಲವಣದ್ರಾವಣ ಪಡೆದವರಲ್ಲಿ 29%). ತೀವ್ರ ಅಂಗವೈಕಲ್ಯ ಮಾತ್ರ ಹೆಚ್ಚು.

4. ಬೇಡ: ಸಿ.ಟಿ. ಸ್ಕ್ಯಾನ್‌ನಲ್ಲಿ ಹೆಪ್ಪು ಇನ್ನೂ ಬೆಳೆಯುತ್ತಿದ್ದರೆ.

ಗೊಂದಲ ಬೇಡ: ರಕ್ತನಾಳ ಮುಚ್ಚಿದ ಪಾರ್ಶ್ವವಾಯುವಿಗೆ ಇದೇ ಔಷಧಿಯನ್ನು 4.5 ಗಂಟೆಯೊಳಗೆ ರಕ್ತನಾಳಕ್ಕೆ ಕೊಡುತ್ತಾರೆ. ರಕ್ತಸ್ರಾವದಲ್ಲಿ ಹಾಗೆ ಕೊಡುವಂತಿಲ್ಲ. ಟ್ರಾನೆಕ್ಸಾಮಿಕ್ ಆಮ್ಲ ಎಂಬ ಔಷಧಿಯ ಕೆಲಸ ಆಲ್ಟಿಪ್ಲೇಸ್‌ಗೆ ತದ್ವಿರುದ್ಧ: ಹೆಪ್ಪು ಕರಗದಂತೆ ತಡೆಯುವುದು.